ನನ್ನ ಮೊಮ್ಮಗಳಿಂದ ನೀವು ಹೇಳಿಸಿದ ಪದ

ದುಭಾಷಿ ಪರವಾನಗಿ ಪರೀಕ್ಷೆಗಳ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮೊಮ್ಮಗಳು ಶನೇಲ್ ನಿಮ್ಮ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ಅದರ ಮೇಲೆ ದೂರು ಕೊಡಲು ಈ ಪತ್ರ ಬರೆಯುತ್ತಿದ್ದೇನೆ. ಫೇಲಾದವರ ದೂರುಗಳನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅವರಿಗೆ ಕಳಿಸುವ ಸಿದ್ಧ ಉತ್ತರವೊಂದು ನಿಮ್ಮ ಕಚೇರಿಯಲ್ಲಿದೆ, ಅದು ನಮ್ಮ ಮನೆಗೂ ಬಂದಿದೆ, ಒಂದಕ್ಷರ ಬದಲಾಗದೆ ಮತ್ತೊಮ್ಮೆಯೂ ಬಂದಿದೆ. ಪಾಸಾದವರ ಮನೆಯಿಂದ ದೂರು ಬಂದರೆ ಏನು ಹೇಳಬೇಕೆಂದು ಬಹುಶಃ ಯಾರೂ ಬರೆದಿಟ್ಟಿರಲಾರರು. ಹಾಗಾಗಿ ಈ ಪತ್ರವನ್ನು ತಾವೇ ಖುದ್ದಾಗಿ ಓದಬೇಕಾಗಬಹುದು ಎಂಬ ಆಸೆ ನನಗಿದೆ. ತಾವು ಓದದಿದ್ದರೆ ಊರಿನವರಾದರೂ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಮರುಭೂಮಿಯ ನಡುವಿನ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ನಿಂದ ವಾಯವ್ಯಕ್ಕೆ ಹೋಗುವ ರಸ್ತೆಯಲ್ಲಿ ಟಾರು ಮುಗಿದು ಕೆಂಪು ಮಣ್ಣು ಶುರುವಾದ ಮೇಲೆ ಎಷ್ಟೋ ಹೊತ್ತಿಗೆ ಸಿಗುವ ನಮ್ಮ ಊರಿನ ಶಾಲೆಯಲ್ಲಿ ಸಹಾಯಕ ಶಿಕ್ಷಕಿಯಾಗಿದ್ದೆ. ಮಂಡಿಗಳು ಸಹಕರಿಸುವವರೆಗೂ ಕೆಲಸ ಮಾಡಿದೆ. ಬಿಳಿ ಮೇಷ್ಟ್ರುಗಳು ಬರುತ್ತಿದ್ದರು, ನೊಣ ಮತ್ತು ಬಿಸಿಲು ಕಂಡು ಹೋಗುತ್ತಿದ್ದರು. ನಾನು ಎಲ್ಲಿಗೂ ಹೋಗುವಂತಿರಲಿಲ್ಲವಾದ್ದರಿಂದ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಉಳಿಯಿತು. ನಮ್ಮದು ವಾರ್ಲ್‌ಪಿರಿ ಮಾತಾಡುವ, ಈ ನೆಲದ ಮೂಲನಿವಾಸಿಗಳ ಮನೆಗಳು. ಇಂಗ್ಲಿಷ್ ಅಲ್ಲಿ ಅಂಗಡಿಯಲ್ಲಿ, ಚಿಕಿತ್ಸಾಲಯದಲ್ಲಿ ಮತ್ತು ಪೊಲೀಸರ ಗಾಡಿಯಲ್ಲಿ ಮಾತ್ರ ಸಿಗುವ ವಸ್ತು.

ನಿಮ್ಮ ಭಾಷೆಯ ಮೇಲೆ ನನಗೆ ದ್ವೇಷವಿದೆ ಎಂದುಕೊಳ್ಳಬೇಡಿ. ನನಗೆ ಅದು ಬಹಳ ಇಷ್ಟ. ಅದರಲ್ಲಿ ಒಂದು ಪದ ಒಂದೇ ಕೆಲಸ ಮಾಡಿಕೊಂಡು ಸುಮ್ಮನಿರುವುದಿಲ್ಲ. 'ರನ್' ಎನ್ನುವುದನ್ನೇ ನೋಡಿ. ಮಕ್ಕಳು ರನ್ ಮಾಡುತ್ತಾರೆ, ಅವರ ಮೂಗು ರನ್ ಆಗುತ್ತದೆ, ನಲ್ಲಿ ರನ್ ಆಗುತ್ತದೆ, ಅಂಗಡಿಯನ್ನು ಯಾರೋ ರನ್ ಮಾಡುತ್ತಾರೆ, ಚುನಾವಣೆ ಬಂದರೆ ಕುರ್ಚಿಯಿಂದ ಏಳಲಾಗದವರೂ ರನ್ ಮಾಡುತ್ತಾರೆ. ಕ್ರಿಕೆಟ್ಟಿನಲ್ಲಂತೂ ಚೆಂಡು ಗೆರೆ ದಾಟಿದರೆ ನಿಂತಲ್ಲೇ ನಿಂತವನಿಗೂ ರನ್ ಸಿಗುತ್ತದೆ. ಇದನ್ನೆಲ್ಲ ನಾನು ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಅಭಿನಯ ಮಾಡಿಸಿ, ನಕ್ಕು ನಕ್ಕು ಕಲಿಸಿದ್ದೇನೆ. ನಾವೂ ನಿಮ್ಮ ಪದಗಳಿಗೆ ಹೊಸ ಕೆಲಸ ಕೊಟ್ಟಿದ್ದೇವೆ. 'ಚೀಕಿ' ಎಂದರೆ ನಿಮಗೆ ತುಂಟತನ, ನಮಗೆ ಕಚ್ಚುವ ನಾಯಿ. 'ಡೆಡ್ಲಿ' ಎಂದರೆ ನಿಮಗೆ ಪ್ರಾಣಾಂತಿಕ, ನಮ್ಮ ಹುಡುಗರಿಗೆ ಫುಟ್ಬಾಲಿನಲ್ಲಿ ಬಿದ್ದ ಒಳ್ಳೆಯ ಗೋಲು. 'ಸಾರಿ' ಎಂದರೆ ನಿಮಗೆ ಕಾಲು ತುಳಿದಾಗ ಆಡುವ ಮಾತು, ನಮಗೆ ಸೂತಕ. ಸತ್ತವರಿಗಾಗಿ ಮನೆ ಬಿಟ್ಟು, ಬಯಲಲ್ಲಿ ಬಿಡಾರ ಹಾಕಿಕೊಂಡು ಅಳುವ ಕಾಲಕ್ಕೆಲ್ಲ ನಾವು ಸಾರಿ ಎನ್ನುತ್ತೇವೆ. ನಿಮ್ಮ ಸಿದ್ಧ ಉತ್ತರದ ಕೊನೆಯಲ್ಲಿ 'ಸಾರಿ' ಎಂದು ಇತ್ತಲ್ಲ, ಅದನ್ನು ನಾನು ಒಂದು ಗಳಿಗೆ ನಮ್ಮ ಅರ್ಥದಲ್ಲಿ ಓದಿಕೊಂಡೆ. ಪಾಪ, ಇವರಿಗೂ ದುಃಖವಾಗಿದೆ ಎನ್ನಿಸಿತು. ಆಮೇಲೆ ಕನ್ನಡಕ ಸರಿಮಾಡಿಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ನನಗೊಬ್ಬಳು ಅಕ್ಕ ಇದ್ದಳು. ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಳು. ಶನೇಲ್ ಅವಳ ಮಗಳ ಮಗಳು. ಮಗಳು ಬೇಗ ಹೋದ ಮೇಲೆ ಈ ಕೂಸನ್ನು ಸಾಕಿ ಬೆಳೆಸಿದವಳು ಅಕ್ಕನೇ. ನಮ್ಮಲ್ಲಿ ಒಬ್ಬರು ಸತ್ತರೆ ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಕರೆದರೆ ಅವರಿಗೂ ನೆಮ್ಮದಿ ಇಲ್ಲ, ಕೇಳಿಸಿಕೊಂಡವರಿಗೂ ಇಲ್ಲ. ಮನೆಯವರ ದುಃಖ ಹಣ್ಣಾಗಿ, ಇನ್ನು ಹೇಳಬಹುದು ಎಂದು ಹಿರಿಯರು ಹೇಳುವವರೆಗೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಅದೇ ಹೆಸರಿನ ಬದುಕಿರುವವರನ್ನೂ ಬೇರೆ ಹೆಸರಿಂದ ಕರೆಯುತ್ತೇವೆ. ಅದೇ ಸದ್ದಿನ ಪದ ಯಾವ ಭಾಷೆಯಲ್ಲಿದ್ದರೂ ಅದನ್ನೂ ಬದಿಗಿಡುತ್ತೇವೆ. ಅದರ ಜಾಗದಲ್ಲಿ 'ಕುಮನ್‌ಜಯಿ' ಎನ್ನುತ್ತೇವೆ. ಹಿಂದೆ ಆಲಿಸ್ ಎಂಬ ಹೆಸರಿನವರು ಸತ್ತಾಗ ನಮ್ಮ ಜನ ಆ ಪಟ್ಟಣವನ್ನೇ ಕುಮನ್‌ಜಯಿ ಸ್ಪ್ರಿಂಗ್ಸ್ ಎಂದು ಕರೆದದ್ದುಂಟು. ಯಾರೂ ದಾರಿ ತಪ್ಪಲಿಲ್ಲ.

ನನ್ನ ಅಕ್ಕನಿಗೆ ಹೆಸರಿಟ್ಟವರು ಮಿಷನ್ನಿನವರು. ಅವರು ಹೂವಿನ ಹೆಸರಿಟ್ಟರು. ಮುಳ್ಳಿನ ಗಿಡದಲ್ಲಿ ಬಿಡುವ, ನಿಮ್ಮ ಪ್ರೇಮಿಗಳು ಒಬ್ಬರಿಗೊಬ್ಬರು ಕೊಡುವ, ಸೋಪಿನ ಹೊದಿಕೆಯ ಮೇಲೆ ಚಿತ್ರವಾಗಿ ಬರುವ ಹೂವು. ಇಷ್ಟು ಹೇಳಿದರೆ ತಮಗೆ ತಿಳಿಯಿತು ಎಂದುಕೊಂಡಿದ್ದೇನೆ. ಅದಕ್ಕಿಂತ ಹತ್ತಿರ ನಾನು ಹೋಗಲಾರೆ. ನಿಮ್ಮ ಭಾಷೆಯಲ್ಲಿ ಆ ಪದಕ್ಕೆ ಹೂವಿನ ಕೆಲಸವೊಂದೇ ಅಲ್ಲ. ಸೂರ್ಯ ಮೇಲೆ ಬಂದ ಎನ್ನಲು ಅದೇ ಬೇಕು, ಜ್ವರ ಏರಿತು, ಬೆಲೆ ಹೆಚ್ಚಿತು, ನ್ಯಾಯಾಧೀಶರು ಬಂದಾಗ ಎಲ್ಲರೂ ಎದ್ದು ನಿಂತರು ಎನ್ನಲೂ ಅದೇ. ಅಕ್ಕ ಹೋದ ಮೇಲೆ ಇಷ್ಟೂ ಕೆಲಸದಿಂದ ನಾವು ಆ ಪದಕ್ಕೆ ರಜೆ ಕೊಟ್ಟೆವು. ಶಾಲೆಯಲ್ಲಿ ಮಕ್ಕಳು ಯಾರೂ ಹೇಳಿಕೊಡದೆಯೇ 'ಸೂರ್ಯ ಮೇಲೆ ಬಂತು' ಎಂದು ಬೇರೆ ಪದ ಹಾಕಿ ಓದಿದರು. ಅಂಗಡಿಗೆ ಹೊಸದಾಗಿ ಬಂದಿದ್ದ ಬಿಳಿ ಯುವಕ ಒಬ್ಬನೇ ಸ್ವಲ್ಪ ಕಷ್ಟಪಟ್ಟ.

"ಆ ಕುಮನ್‌ಜಯಿ ಸೋಪು ಕೊಡಪ್ಪ," ಎಂದಳು ನನ್ನ ನೆರೆಯವಳು.

"ಆ ಕಂಪನಿ ಸೋಪು ನಮ್ಮಲ್ಲಿ ಇಲ್ವಲ್ಲಮ್ಮ."

"ಅಯ್ಯೋ, ನಿನ್ನ ಹಿಂದೇನೇ ಇದೆ ನೋಡು. ಹೂವಿಂದು. ಅದರ ಹೆಸರು ಮಾತ್ರ ಓದಿ ಹೇಳ್ಬೇಡ, ಪುಣ್ಯಾತ್ಮ!"

ಅವನು ತಲೆ ಕೆರೆದುಕೊಂಡ, ವಿಚಾರಿಸಿದ, ತಿಳಿದುಕೊಂಡ. ಮಾರನೆಯ ದಿನ ಸೋಪಿನ ಹೆಸರು ಕಾಣದಂತೆ ಗೋಡೆಯ ಕಡೆ ತಿರುಗಿಸಿ ಜೋಡಿಸಿಟ್ಟಿದ್ದ. ಅದಕ್ಕೆ ಯಾವ ಸಮಿತಿಯೂ ಕೂರಲಿಲ್ಲ, ಯಾವ ಸುತ್ತೋಲೆಯೂ ಬರಲಿಲ್ಲ ಎನ್ನುವುದನ್ನು ತಾವು ಗಮನಿಸಬೇಕು.

ಅಕ್ಕನ ಗಂಡ, ನನ್ನ ಭಾವ ಜುಂಗರಾಯಿ, ಆಲಿಸ್‌ನ ಆಸ್ಪತ್ರೆಯಲ್ಲಿದ್ದಾರೆ. ಮೂತ್ರಪಿಂಡ ಕೈಕೊಟ್ಟಿದೆ, ಯಂತ್ರದಲ್ಲಿ ರಕ್ತ ತೊಳೆಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಗಲಿಲ್ಲ. ಒಂದು ದಿನ ಡಾಕ್ಟರು ಬಂದು ಮಂಚದ ಪಕ್ಕ ನಿಂತು ಏನೇನೋ ವಿವರಿಸಿದರು. ಒಳ್ಳೆಯ ಮನುಷ್ಯ, ದನಿ ಎತ್ತರಿಸಲಿಲ್ಲ. ಆದರೆ ಇಂಗ್ಲಿಷ್ ಮಾತ್ರ ಆಸ್ಪತ್ರೆಯದು. ಅಲ್ಲಿ 'ಪಾಸಿಟಿವ್' ಎಂದರೆ ಕೆಟ್ಟ ಸುದ್ದಿ, 'ಕಂಪ್ಲೇಂಟ್' ಎಂದರೆ ದೂರಲ್ಲ, ಕಾಯಿಲೆ. ಶಾಲೆಯಲ್ಲಿ ಕಲಿತ ಅರ್ಥಗಳನ್ನು ಚಪ್ಪಲಿಯ ಹಾಗೆ ಬಾಗಿಲಲ್ಲೇ ಬಿಟ್ಟು ಹೋಗಬೇಕು. ಭಾವ ಎಲ್ಲದಕ್ಕೂ ಹೌದು ಹೌದು ಎಂದು ತಲೆಯಾಡಿಸಿದರು. ದೊಡ್ಡವರು ಏನಾದರೂ ಕೇಳಿದರೆ ಹೌದು ಎನ್ನುವುದು ನಮ್ಮಲ್ಲಿ ಮರ್ಯಾದೆ. ಇಲ್ಲ ಎಂದರೆ ಎದುರು ನಿಂತ ಮನುಷ್ಯನ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಶನೇಲ್ ಅಲ್ಲೇ ಇದ್ದಳು.

"ತಾತಂಗೆ ಅರ್ಥ ಆಗಿಲ್ಲ. ನಾನು ನಮ್ಮ ಮಾತಲ್ಲಿ ಹೇಳ್ತೀನಿ, ತಾಳಿ," ಎಂದಳು.

"ನಿನ್ನ ಹತ್ರ ದುಭಾಷಿ ಪರವಾನಗಿ ಇದ್ಯೇನಮ್ಮ?" ಎಂದು ನರ್ಸಮ್ಮ ಕೇಳಿದರು. "ಇಲ್ಲಾಂದ್ರೆ ಬೇಡ. ಪರವಾನಗಿ ಇಲ್ಲದ ಮನೆಯವರ ಕೈಲಿ ಹೇಳಿಸೋ ಹಾಗಿಲ್ಲ, ನಿಯಮ. ಅವರೇ ಹೌದು ಅಂತಿದ್ದಾರಲ್ಲ."

ಪರವಾನಗಿ ಇದ್ದ ಒಬ್ಬ ಹೆಂಗಸನ್ನು ಫೋನಿನಲ್ಲಿ ಹಿಡಿದರು. ಆ ಹೆಂಗಸು ವರಸೆಯಲ್ಲಿ ಭಾವನಿಗೆ ಹೆಣ್ಣು ಕೊಟ್ಟ ಅತ್ತೆಯಾಗಬೇಕು. ನಮ್ಮಲ್ಲಿ ಅತ್ತೆ ಅಳಿಯ ಪರಸ್ಪರ ಮಾತಾಡುವುದಿಲ್ಲ, ಎದುರಿಗೆ ಬಂದರೂ ದಾರಿ ಬಿಟ್ಟು ಹೋಗುತ್ತಾರೆ. ಆಕೆಯ ದನಿ ಕೇಳುತ್ತಲೇ ಭಾವ ಫೋನನ್ನು ಬಿಸಿ ಕೆಂಡದ ಹಾಗೆ ಹಾಸಿಗೆಯ ಮೇಲೆ ಹಾಕಿ ಮುಖ ತಿರುಗಿಸಿದರು. ರೋಗಿಗೆ ದುಭಾಷಿ ಬೇಡವಂತೆ ಎಂದು ಅಲ್ಲಿಗೆ ತೀರ್ಮಾನವಾಯಿತು.

ಕಾಲನ್ನು ಮಂಡಿಯ ಕೆಳಗೆ ತೆಗೆದರು. ತೆಗೆಯಲೇಬೇಕಿತ್ತು, ಇಲ್ಲದಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದು ಆಮೇಲೆ ನನಗೆ ತಿಳಿಯಿತು. ಇರಬಹುದು. ಆದರೆ ಎಚ್ಚರವಾದಾಗ ಭಾವ ಹೊದಿಕೆ ಸರಿಸಿ ನೋಡಿ, ನನ್ನ ಕಡೆ ತಿರುಗಿ ಕೇಳಿದ ಮಾತು ಇದು: "ನನ್ನ ಕಾಲು ಎಲ್ಲಮ್ಮಾ? ಯಾರು ತಗೊಂಡು ಹೋದ್ರು? ಅದನ್ನ ನಮ್ಮ ನೆಲಕ್ಕೆ ಕಳಿಸಿಕೊಟ್ರಾ?" ಹುಟ್ಟಿದ ನೆಲಕ್ಕೆ ಸೇರಬೇಕಾದ ಮೈ ಅದು. ಅದರಲ್ಲೊಂದು ಭಾಗ ಎಲ್ಲಿಗೆ ಹೋಯಿತೆಂದು ನಾನು ಯಾರನ್ನು ಕೇಳಲಿ? ಕೇಳಿದಾಗ ಸಿಕ್ಕ ಉತ್ತರವನ್ನು ಭಾವನಿಗೆ ಇಂದಿಗೂ ಹೇಳಿಲ್ಲ.

ಅವತ್ತೇ ಶನೇಲ್ ನಿಶ್ಚಯ ಮಾಡಿದಳು. "ಅಜ್ಜೀ, ನಾನು ಆ ಪರವಾನಗಿ ತಗೋತೀನಿ. ಇನ್ನೊಂದು ಸಲ ತಾತ ಸುಮ್ಮಸುಮ್ಮನೆ ಹೌದು ಅನ್ನೋಕೆ ಬಿಡಲ್ಲ," ಎಂದಳು. ಆ ಇನ್ನೊಂದು ಸಲ ಬೇಗ ಬರುವುದಿತ್ತು. ಯಂತ್ರವಿರುವುದು ಪಟ್ಟಣದಲ್ಲಿ. ಪಟ್ಟಣದಲ್ಲೇ ಇದ್ದು ಒಂದಷ್ಟು ಕಾಲ ಬದುಕುವುದೋ, ಯಂತ್ರ ಬಿಟ್ಟು ಊರಿಗೆ ಬಂದು ತನ್ನವರ ನಡುವೆ ಬೇಗ ಕಣ್ಣು ಮುಚ್ಚುವುದೋ ಎಂಬುದನ್ನು ಭಾವನೇ ತೀರ್ಮಾನಿಸಬೇಕು ಎಂದು ಡಾಕ್ಟರು ಹೇಳಿದ್ದರು. ಇದನ್ನು ನಿಧಾನವಾಗಿ, ಸರಿಯಾಗಿ, ಅವರ ಭಾಷೆಯಲ್ಲಿ ಕೇಳಬೇಕು. ಇಷ್ಟಕ್ಕಾಗಿ ಶನೇಲ್ ನಿಮ್ಮ ಬಳಿ ಬಂದಳು ಮಾನ್ಯರೇ. ಉದ್ಯೋಗಕ್ಕಲ್ಲ, ಕತ್ತಿಗೆ ಹಾಕಿಕೊಳ್ಳುವ ಬಿಲ್ಲೆಗಲ್ಲ.

ನಿಮ್ಮ ಪರೀಕ್ಷೆಯ ಮೊದಲ ಭಾಗ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ದಿನಬಳಕೆಯ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಕಾರ್ಡಿನ ಮೇಲೆ ತೋರಿಸುತ್ತಾರೆ. ಅಭ್ಯರ್ಥಿ ಅದನ್ನು ಗಟ್ಟಿಯಾಗಿ ಓದಿ, ಅದರ ಬೇರೆ ಬೇರೆ ಅರ್ಥಗಳನ್ನು ಹೇಳಬೇಕು. ಒಂದು ಪದ ತಪ್ಪಿದರೂ ಮುಂದಿನ ಭಾಗಕ್ಕೆ ಹೋಗುವಂತಿಲ್ಲ. ಶನೇಲ್‌ಗೆ ನಾನು ಚಹಾ ಕಾಯಿಸುತ್ತಾ, ಬೂದಿಯಲ್ಲಿ ಕಾಂಗರೂ ಬಾಲ ಸುಡುತ್ತಾ ಇವನ್ನೆಲ್ಲ ಹೇಳಿಕೊಟ್ಟಿದ್ದೆ. ಅವಳಿಗೆ ಗೊತ್ತಿಲ್ಲದ ಅರ್ಥ ಇರಲಿಲ್ಲ. ಪರೀಕ್ಷೆ ನಡೆದದ್ದು ಆಲಿಸ್‌ನ ಒಂದು ಬಾಡಿಗೆ ಕೋಣೆಯಲ್ಲಿ. ಗೋಡೆಗೆ ನಮ್ಮವರ ಚುಕ್ಕಿ ಚಿತ್ರ ಹಾಕಿದ್ದರು. ಈ ನೆಲದ ಮೂಲ ಒಡೆಯರಿಗೆ ಗೌರವ ಸಲ್ಲಿಸುತ್ತೇವೆ ಎಂಬ ಫಲಕವೂ ಇತ್ತು. ನಾನು ಹೊರಗೆ ಕಾರಿಡಾರಿನ ಕುರ್ಚಿಯಲ್ಲಿದ್ದೆ. ಸೆಕೆ ಎಂದು ಬಾಗಿಲು ತೆರೆದೇ ಇಟ್ಟಿದ್ದರು, ಹಾಗಾಗಿ ಎಲ್ಲ ಕೇಳಿಸಿತು.

ಅರ್ಧಕ್ಕೆ ಬರುವಾಗ ನನ್ನ ಅಕ್ಕನ ಹೆಸರಿನ ಕಾರ್ಡು ಬಂತು.

ಶನೇಲ್ ಹೇಳಿದಳು: "ಇದು ಒಂದು ಹೂವು. ಗಲಾ ಗಿಳಿಯ ಎದೆ ಇರ್ತದಲ್ಲ, ಆ ಬಣ್ಣಕ್ಕೂ ಇದೇ ಅಂತಾರೆ. ಸೂರ್ಯ ಬೆಳಿಗ್ಗೆ ಮಾಡಿದ ಕೆಲಸ ಇದು. ಪೆಟ್ರೋಲ್ ಬೆಲೆ ಹೋದ ವಾರ ಮಾಡಿದ ಕೆಲಸಾನೂ ಇದೇ. ಚರ್ಚಿನಲ್ಲಿ ಹಾಡು ಶುರುವಾದಾಗ ಎಲ್ಲರೂ ಮಾಡಿದ್ದೂ ಇದೇ."

ಕಾರಿಡಾರಿನಲ್ಲಿ ಕೂತ ನನಗೆ ಎದೆ ಉಬ್ಬಿತು. ಹೆಸರನ್ನು ಮುಟ್ಟದೆ ಅದರ ಸುತ್ತ ಅಷ್ಟು ಚೆನ್ನಾಗಿ ನಡೆದುಬಂದಿದ್ದಳು.

"ಬಹಳ ಚೆನ್ನಾಗಿ ಹೇಳಿದಿರಿ," ಎಂದರು ಪರೀಕ್ಷಕಿ. "ಈಗ ದಯವಿಟ್ಟು ಪದವನ್ನು ಓದಿ."

"ಓದೋ ಹಾಗಿಲ್ಲ ಮೇಡಂ."

"ಅಕ್ಷರ ಕಾಣ್ತಿಲ್ವಾ?"

"ಕಾಣ್ತದೆ. ನಮ್ಮ ಮನೆಯಲ್ಲಿ ಸಾರಿ ಇದೆ."

"ಸಾರಿ ಕೇಳೋ ಅಗತ್ಯ ಇಲ್ಲ. ಪರವಾಗಿಲ್ಲ, ಪ್ರಯತ್ನ ಮಾಡಿ. ನಾನು ಹೇಳಿಕೊಡ್ತೀನಿ."

ಆಮೇಲೆ ಆ ಪುಣ್ಯಾತ್ಮಗಿತ್ತಿ ನನ್ನ ಅಕ್ಕನ ಹೆಸರನ್ನು ಹೇಳಿದರು. ಕಿವಿ ಕೇಳದವರಿಗೆ ಹೇಳುವ ಹಾಗೆ ನಿಧಾನವಾಗಿ ಇನ್ನೊಮ್ಮೆ ಹೇಳಿದರು. ಬಾಯಿ ದೊಡ್ಡದು ಮಾಡಿ ಮತ್ತೂ ಒಮ್ಮೆ ಹೇಳಿದರು. ಆಕೆಗೆ ಸಹಾಯ ಮಾಡುವ ಮನಸ್ಸಿತ್ತು ಎನ್ನುವುದನ್ನು ನಾನು ಒಪ್ಪುತ್ತೇನೆ. ಅಷ್ಟು ದಿನ ನಾವ್ಯಾರೂ ತುಟಿಗೆ ತಂದಿರದ ಹೆಸರು ಆ ಕೋಣೆಯಲ್ಲಿ ಹಾಗೆ ಕೂಗಿಸಿಕೊಳ್ಳುತ್ತಿತ್ತು. ನಾನು ಕುರ್ಚಿಯಲ್ಲೇ ಬಾಗಿ ಕಿವಿ ಮುಚ್ಚಿಕೊಂಡೆ. ಶನೇಲ್ ಕಿವಿ ಮುಚ್ಚುವಂತಿರಲಿಲ್ಲ, ಪರೀಕ್ಷೆಯಲ್ಲಿ ಅಸಭ್ಯತೆ ಎನ್ನುತ್ತಾರೆ. ಎದ್ದು ಹೊರಗೆ ಬಂದು ನನ್ನ ಪಕ್ಕ ಕೂತು ಅತ್ತಳು. ಫಲಿತಾಂಶದಲ್ಲಿ 'ಅಭ್ಯರ್ಥಿಗೆ ಸಾಮಾನ್ಯ ಪದದ ಪರಿಚಯವಿಲ್ಲ' ಎಂದು ಬರೆದಿದ್ದರು. ಪರಿಚಯವಿಲ್ಲ! ಆ ಪದದ ಮಡಿಲಲ್ಲಿ ಮಲಗಿ ಬೆಳೆದ ಹುಡುಗಿ ಅವಳು.

ನಾವು ಮನವಿ ಬರೆದೆವು. ಕಾರಣ ವಿವರಿಸಿದೆವು. ಪರೀಕ್ಷೆ ಎಲ್ಲರಿಗೂ ಸಮಾನ, ಒಬ್ಬರಿಗಾಗಿ ಬದಲಿಸಲಾಗದು ಎಂದು ನೀವು ಉತ್ತರ ಕಳಿಸಿದಿರಿ. ಎರಡನೆಯ ಸಲ ಹೋದಳು, ಅದೇ ಕಾರ್ಡು, ಅದೇ 'ಓದೋ ಹಾಗಿಲ್ಲ', ಅದೇ ಉತ್ತರ. ನನಗೊಂದು ಸಂಗತಿ ಅರ್ಥವಾಗುವುದಿಲ್ಲ. ನಿಮ್ಮ ಟಿವಿಯವರು ಕಾರ್ಯಕ್ರಮಕ್ಕೆ ಮೊದಲು ಒಂದು ಎಚ್ಚರಿಕೆ ಹಾಕುತ್ತಾರೆ, ಇದರಲ್ಲಿ ಮೃತರಾದ ಮೂಲನಿವಾಸಿಗಳ ಹೆಸರು ಮತ್ತು ಚಿತ್ರ ಇರಬಹುದು ಎಂದು. ನಿಮ್ಮ ಇಲಾಖೆಯ ಜಾಲತಾಣದಲ್ಲೂ ಅದು ಇದೆ, ನಾನೇ ಓದಿದ್ದೇನೆ. ಅಂದರೆ ನಿಮಗೆ ಗೊತ್ತು. ಗೊತ್ತಿದ್ದೂ, ಚಿತ್ರದಲ್ಲಿದ್ದರೆ ಮಾತ್ರ ನಮ್ಮವರು ಸತ್ತವರು, ಕಾರ್ಡಿನ ಮೇಲೆ ಬಂದರೆ ಬರೀ ಶಬ್ದಭಂಡಾರ, ಹೀಗೇನು? ಇಂಗ್ಲಿಷಿನಲ್ಲಿ ಇಷ್ಟು ಸಾವಿರ ಪದಗಳಿದ್ದಾವಲ್ಲ. ಆ ಕಾರ್ಡು ತೆಗೆದು 'ರನ್' ಇಟ್ಟಿದ್ದರೆ ನಿಮ್ಮ ಭಾಷೆಯ ಯಾವ ಗೋಡೆ ಬೀಳುತ್ತಿತ್ತು? 'ರನ್' ಕೇಳಿದ್ದರೆ ಮಧ್ಯಾಹ್ನದ ಊಟದವರೆಗೂ ಹೇಳುತ್ತಿದ್ದಳು.

ಅಷ್ಟರಲ್ಲಿ ಆಸ್ಪತ್ರೆಯವರು ಅವಸರ ಮಾಡತೊಡಗಿದರು. ಭಾವನಿಗೆ ನಡೆದದ್ದೆಲ್ಲ ಯಾರೋ ಹೇಳಿದ್ದರು. ಒಂದು ಸಂಜೆ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಶನೇಲ್‌ಳನ್ನು ಹತ್ತಿರ ಕರೆದರು.

"ಹೇಳಿಬಿಡು ಮಗಾ," ಎಂದರು. "ಅವಳು ನನ್ನ ಹೆಂಡತಿ. ನಾನು ಹೇಳ್ತಿದೀನಿ, ಹೇಳಬಹುದು."

"ಬೇಡ ತಾತ. ಇನ್ನೂ ಕಾಲ ಆಗಿಲ್ಲ."

"ನನ್ನ ಹತ್ರ ಅಷ್ಟು ಕಾಲ ಎಲ್ಲಿದೆ? ಅವಳೇ ಇದ್ದಿದ್ರೆ ಏನಂತಿದ್ಲು? ಹೋಗೇ ಹುಡುಗಿ, ಹೆಸರು ಹೇಳಿ ಬೇಗ ಬಾ, ನಿನ್ನ ತಾತ ಮೊದಲೇ ಪೆದ್ದ, ಆಸ್ಪತ್ರೆಯವರಿಗೆ ಹೌದು ಅಂದುಬಿಡ್ತಾನೆ ಅಂತಿದ್ಲು." ಅವರು ನಗಿಸಲು ನೋಡಿದರು. ಆದರೆ ಹೇಳುವಾಗ ಮುಖವನ್ನು ಅಂಗಳದ ಮರದ ಕಡೆಗೆ ತಿರುಗಿಸಿಕೊಂಡಿದ್ದರು, ಅದನ್ನು ಶನೇಲ್ ನೋಡಿದಳು, ನಾನೂ ನೋಡಿದೆ. ಕಾಲು ಹೋದಾಗಲೂ ಆ ಮುಖ ಹಾಗಿರಲಿಲ್ಲ.

ಮೂರನೆಯ ಸಲ ಅವಳು ಓದಿದಳು. ಕಾರ್ಡು ಬಂತು, ಒಂದು ಉಸಿರು ತೆಗೆದುಕೊಂಡಳು, ಹೇಳಿದಳು. ಸ್ಪಷ್ಟವಾಗಿ, ನೀವು ಬಯಸುವ ಉಚ್ಚಾರಣೆಯಲ್ಲಿ.

"ಎಕ್ಸಲೆಂಟ್!" ಎಂದರು ಪರೀಕ್ಷಕಿ. ಉಳಿದದ್ದೆಲ್ಲ ನೀರು ಕುಡಿದಷ್ಟು ಸಲೀಸಾಗಿ ಮುಗಿಸಿ, ಹೊರಗೆ ಬಂದು, ಕಾರಿಡಾರಿನ ನಲ್ಲಿ ತಿರುಗಿಸಿ ಬಾಯಿ ತೊಳೆದುಕೊಂಡಳು. ತೊಳೆದಳು, ಮತ್ತೆ ತೊಳೆದಳು.

ಪರವಾನಗಿ ಬಂತು. ಫೋಟೋ ಇರುವ ಬಿಲ್ಲೆಯೂ ಬಂತು. ಈಗ ಶನೇಲ್ ಆಸ್ಪತ್ರೆಯಲ್ಲಿ ದುಭಾಷಿ. ಹೆರಿಗೆ ವಾರ್ಡಿನಲ್ಲಿ, ಮಕ್ಕಳ ವಾರ್ಡಿನಲ್ಲಿ, ಕಣ್ಣಿನವರ ಬಳಿ, ಎಲ್ಲ ಕಡೆ ಹೋಗುತ್ತಾಳೆ, ಚೆನ್ನಾಗಿ ಹೇಳುತ್ತಾಳೆ ಎಂದು ಡಾಕ್ಟರುಗಳೇ ಹೊಗಳುತ್ತಾರೆ. ತಾತನ ಕೋಣೆಗೆ ಮಾತ್ರ ಹೋಗುವುದಿಲ್ಲ. ಬಾಗಿಲವರೆಗೆ ಬರುತ್ತಾಳೆ. ಬಿಲ್ಲೆಯನ್ನು ಅಂಗಿಯ ಒಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಹೊರಗಿನ ಬೆಂಚಿನ ಮೇಲೆ ಕೂರುತ್ತಾಳೆ, ಕರೆ ಬಂದರೆ ಬೇರೆ ವಾರ್ಡಿಗೆ ಎದ್ದು ಹೋಗುತ್ತಾಳೆ.

"ಯಾಕೆ ಬರಲ್ಲ ಇವಳು?" ಎಂದು ಭಾವ ಒಳಗಿನಿಂದ ಕೇಳುತ್ತಾರೆ. "ನಾನೇ ಹೇಳು ಅಂದಿದ್ದಲ್ವಾ? ನಂಗೇನೂ ಕೋಪ ಇಲ್ಲ ಅನ್ನು."

ಹೋಗಿ ಹೇಳುತ್ತೇನೆ. ಅವಳು ತಲೆ ತಗ್ಗಿಸುತ್ತಾಳೆ. "ಕೋಪ ಇಲ್ಲ ಅಂತ ಗೊತ್ತು ಅಜ್ಜಿ. ತಾತನ ಮುಖ ನೋಡಿದ್ರೆ ನನ್ನ ನಾಲಿಗೆ ಮೇಲೆ ಅದೇ ಬಂದು ಕೂತ್ಕೊಳ್ತದೆ. ಬಾಯಿ ಬಿಟ್ರೆ ಎಲ್ಲಿ ಬಿದ್ದುಬಿಡ್ತದೋ ಅಂತ ಭಯ."

ಅನುಮತಿ ಕೊಡುವುದು ತಾತನ ಕೈಲಿತ್ತು, ನಾಚಿಕೆ ತೆಗೆಯುವುದು ಯಾರ ಕೈಲೂ ಇಲ್ಲ. ನಾನು ಬುದ್ಧಿ ಹೇಳಿದೆ, ಗದರಿಸಿದೆ, ಅವಳ ಜೊತೆ ಕೂತು ಅತ್ತೂ ನೋಡಿದೆ. ನನಗೆ ಇನ್ನೇನೂ ತೋಚುತ್ತಿಲ್ಲ. ಯಾರಿಗಾಗಿ ಅವಳು ಆ ಪದ ಹೇಳಿದಳೋ ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಅವಳೀಗ ದುಭಾಷಿ. ಮೊನ್ನೆ ಡಾಕ್ಟರು ಬಂದು, ಪಟ್ಟಣದಲ್ಲೇ ಯಂತ್ರದ ಜೊತೆ ಇರುತ್ತೀರಾ ಎಂದು ಕೇಳಿದರು. ಭಾವ ಹೌದು ಎಂದರು. ಅಥವಾ ಊರಿಗೆ ಹೋಗುವುದು ಇಷ್ಟವೇ ಎಂದು ಕೇಳಿದರು. ಅದಕ್ಕೂ ಹೌದು ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಬಾಗಿಲ ಕಡೆ ನೋಡಿದೆ. ನನಗೆ ಪರವಾನಗಿ ಇಲ್ಲವಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇದು. ಆ ಕಾರ್ಡನ್ನು ತೆಗೆದುಹಾಕಿ. ಮುಂದೆ ನಮ್ಮವರು ಯಾರೇ ಬಂದು ಒಂದು ಪದವನ್ನು ಹೇಳಲಾರೆ ಎಂದರೆ, ಯಾಕೆ ಎಂದು ಕೇಳದೆ ಬೇರೆ ಕಾರ್ಡು ಕೊಡಿ. ಇದು ಸಣ್ಣದು, ನಮ್ಮ ಅಂಗಡಿಯವನು ಒಂದೇ ದಿನದಲ್ಲಿ ಮಾಡಿದ ಕೆಲಸ. ದೊಡ್ಡದು ಇನ್ನೊಂದಿದೆ. ಶನೇಲ್‌ಳ ಪರವಾನಗಿಯ ಮೇಲೆ ಮೂರನೆಯ ಪರೀಕ್ಷೆಯ ತಾರೀಖು ಇದೆ. ಅದನ್ನು ರದ್ದುಮಾಡಿ. ಮೊದಲನೆಯ ಪರೀಕ್ಷೆಯ ತಾರೀಖು ಹಾಕಿ ಹೊಸದೊಂದು ಕೊಡಿ. ಹೂವು, ಗಿಳಿಯ ಎದೆಯ ಬಣ್ಣ, ಸೂರ್ಯ, ಪೆಟ್ರೋಲ್ ಬೆಲೆ, ಚರ್ಚು ಎಂದು ಹೇಳಿದ ಆ ದಿನವೇ ಅವಳು ಪಾಸಾಗಿದ್ದಳು, ಅದಕ್ಕಿಂತ ಹೆಚ್ಚು ಕೇಳಿದ್ದು ನಮ್ಮ ತಪ್ಪು ಎಂದು ತಾವು ಎರಡು ಸಾಲು ಬರೆದು ಸಹಿ ಮಾಡಿ. ಹೇಳಿದ ಮಾತು ಅದರಿಂದ ವಾಪಸು ಬರುವುದಿಲ್ಲ, ನನಗೆ ಗೊತ್ತು. ಆದರೆ ಆ ಎರಡು ಸಾಲನ್ನು ನಾನು ಬೆಂಚಿನ ಮೇಲೆ ಕೂತು ಅವಳಿಗೆ ಓದಿ ಹೇಳುತ್ತೇನೆ. ತಪ್ಪು ಅವಳದಲ್ಲ ಎಂದು ಹೊರಗಿನವರೊಬ್ಬರು ಒಪ್ಪಿಕೊಂಡರೆ ಅವಳು ಎದ್ದು ಆ ಬಾಗಿಲು ದಾಟಿಯಾಳು. ತಾತನನ್ನು ಒಂದೇ ಒಂದು ಪ್ರಶ್ನೆ ಕೇಳಿಯಾಳು, ಅವರ ಮಾತಿನಲ್ಲಿ. ಅವರು ಹೌದು ಎನ್ನದೆ ನಿಜ ಹೇಳಿಯಾರು.

ಬೇಗ ಮಾಡಿ. ಭಾವನಿಗಾಗಿ ಬೇಗ ಮಾಡಿ ಎನ್ನುತ್ತಿದ್ದೇನೆ, ಆದರೆ ನನಗಾಗಿಯೂ ಹೌದು. ಮಿಷನ್ನಿನವರು ನನಗೂ ಒಂದು ಇಂಗ್ಲಿಷ್ ಪದವನ್ನೇ ಹೆಸರಾಗಿ ಇಟ್ಟಿದ್ದಾರೆ. ನಿಮ್ಮ ಭಾಷೆಯಲ್ಲಿ ಅದು ಒಂದು ತಿಂಗಳು. 'ಆಗಬಹುದು, ಆಗದೆಯೂ ಇರಬಹುದು' ಎನ್ನಲೂ ಅದೇ ಪದ. ಬಾಗಿಲಲ್ಲಿ ನಿಂತು, ಒಳಗೆ ಬರಲೇ ಎಂದು ಅನುಮತಿ ಕೇಳುವಾಗ ಮೊದಲು ಬರುವ ಪದವೂ ಅದೇ. ನಾನೂ ಮುದುಕಿ. ನಾನು ಹೋದ ಮೇಲೆ ಶನೇಲ್ ನಿಮ್ಮ ಯಾವ ಕೋಣೆಯ ಬಾಗಿಲಲ್ಲೂ ಆ ಮಾತು ಕೇಳಲಾರಳು. ಅವಳು ಸುಮ್ಮನೆ ನಿಂತಿದ್ದರೆ, ದಯವಿಟ್ಟು ತಾವೇ ಒಳಗೆ ಕರೆಯಿರಿ.

ಇಂತಿ,
ಸದ್ಯಕ್ಕೆ ಯಾರು ಬೇಕಾದರೂ ಹೆಸರು ಹಿಡಿದು ಕರೆಯಬಹುದಾದ,
ಮೇ ನಂಗಲಾ